ಮೊದಲು ಕಚ್ಚುವ ಹುಳು

ಒಗ್ಗಟ್ಟಿನ ಮಹಿಮೆಯನ್ನು ಕೊಂಡಾಡದ ನೀತಿಪಾಠ ಯಾವ ನಾಡಿನಲ್ಲಿಯೂ ಇರಲಾರದು. ಜೇನಿನಿಂದ ದುಡಿಮೆಯನ್ನು ಕಲಿಯಿರಿ, ಇರುವೆಯಿಂದ ಶಿಸ್ತನ್ನು ಕಲಿಯಿರಿ ಎಂದು ಹೇಳಿ ಮೇಷ್ಟರು ಪುಸ್ತಕ ಮುಚ್ಚುತ್ತಾರೆ. ಮಕ್ಕಳೂ ಒಪ್ಪಿಕೊಂಡು ಮನೆಗೆ ಹೋಗುತ್ತಾರೆ. ಆದರೆ ಒಗ್ಗಟ್ಟಿಗೂ ಒಂದು ಬೆಲೆಯುಂಟು, ಆ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ ಎಂಬ ಮಾತು ಆ ಪಾಠದಲ್ಲಿ ಬರುವುದಿಲ್ಲ. ಹತ್ತು ಜನ ಕೂಡಿದ್ದರಿಂದ ಹತ್ತು ಜನರಿಗೂ ಲಾಭವಾಯಿತು; ಆ ಲಾಭಕ್ಕಾಗಿ ಒಬ್ಬನು ಮೊದಲು ಮುಂದೆ ಬಿದ್ದು ಕಷ್ಟಪಟ್ಟನು. ಉಳಿದ ಒಂಬತ್ತು ಜನರು ಅವನಿಗೆ ಋಣಿಗಳೆ? ಋಣಿಗಳಾದರೆ ಅದನ್ನು ತೀರಿಸುವ ಬಗೆ ಯಾವುದು?

ಈ ಪ್ರಶ್ನೆಗೆ ಜೇನೂ ಇರುವೆಯೂ ಅಷ್ಟಾಗಿ ಒದಗಿ ಬರುವುದಿಲ್ಲ. ಅಲ್ಲಿ ರಾಣಿಯುಂಟು, ಆಳುಗಳುಂಟು. ಯಾರ ಕೆಲಸ ಯಾವುದೆಂಬುದು ಮೊದಲೇ ಗೊತ್ತಾದದ್ದು. ಅವುಗಳ ದೂರದ ನೆಂಟನಾದ ಒಂದು ಬಡ ಹುಳು ನನ್ನ ಯೋಚನೆಗೆ ಹೆಚ್ಚು ನೆರವಾಗಿದೆ. ಅದು ಗರಗಸ ನೊಣದ ಮರಿ. ನಾನು ಭಾಷೆಯ ಮೇಷ್ಟರು. ಪ್ರಾಣಿಶಾಸ್ತ್ರ ನನ್ನ ಅಂಗಡಿಯ ಸರಕಲ್ಲ. ಆದರೂ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರೊಬ್ಬರ ದೆಸೆಯಿಂದ ಇದರ ಕಥೆ ನನಗೆ ಪರಿಚಯವಾಗಿ, ಈಗ ನನ್ನ ಬೆನ್ನು ಬಿಡದಂತಾಗಿದೆ.

ಹೆಸರಿನಲ್ಲಿ ನೊಣವಿದ್ದರೂ ಇದು ನೊಣವಲ್ಲ. ಜೇನು, ಕಣಜ, ಇರುವೆಗಳ ಕುಲದ್ದು. ಕಣಜದ ಸಣ್ಣ ನಡು ಇದಕ್ಕಿಲ್ಲ, ಕುಟುಕುವ ಮುಳ್ಳೂ ಇಲ್ಲ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಗರಗಸದಂತೆ ಹಲ್ಲುಗಳುಳ್ಳ ಒಂದು ಅಂಗವಿದೆ. ಅದರಿಂದ ಎಲೆಯನ್ನು ಸೀಳಿ, ಸೀಳಿನೊಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿಯನ್ನು ನೋಡಿದವರು ಚಿಟ್ಟೆಯ ಮರಿಯೆಂದೇ ಭಾವಿಸುತ್ತಾರೆ. ಗುರುತು ಹಿಡಿಯಬೇಕಾದರೆ ಕಾಲು ಎಣಿಸಬೇಕು. ಚಿಟ್ಟೆಯ ಮರಿಗೆ ಹೊಟ್ಟೆಯ ಕೆಳಗೆ ಹೆಚ್ಚೆಂದರೆ ಐದು ಜೊತೆ ಹುಸಿಗಾಲುಗಳು. ಎಲೆಯ ಮೇಲೆ ಮೇಯುವ ಗರಗಸ ನೊಣದ ಮರಿಗೆ ಆರು ಜೊತೆ, ಅಥವಾ ಇನ್ನೂ ಹೆಚ್ಚು. ತಲೆಯ ಎರಡು ಪಕ್ಕದಲ್ಲಿ ಒಂದೊಂದೇ ಪುಟ್ಟ ಕಣ್ಣು. ನಮ್ಮ ದೇಶದಲ್ಲಿ ಸಾಸಿವೆ, ಮೂಲಂಗಿ ಬೆಳೆಯುವವರಿಗೆ ಇದರ ಒಂದು ಜಾತಿ ಚೆನ್ನಾಗಿ ಗೊತ್ತು. ಎಲೆಯನ್ನು ಜರಡಿ ಮಾಡುವ ಆ ಕಪ್ಪು ಮರಿಯನ್ನು ಮುಟ್ಟಿದರೆ ಸಾಕು, ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿದ್ದು ಸತ್ತಂತೆ ನಟಿಸುತ್ತದೆ. ಕಷ್ಟ ಬಂದಾಗ ತಾನೊಬ್ಬನೇ ಜಾರಿಕೊಳ್ಳುವ ಈ ಉಪಾಯವನ್ನು ನಾವು ಮನುಷ್ಯರಲ್ಲಿಯೂ ನೋಡಿಲ್ಲದೆ ಇಲ್ಲ.

ಇದೇ ಕುಲದ ಇನ್ನು ಕೆಲವು ಜಾತಿಗಳು ಗುಂಪು ಕಟ್ಟುತ್ತವೆ. ಕೆನಡದ ಕಾಡುಗಳಲ್ಲಿ ಜ್ಯಾಕ್ ಪೈನ್ ಎಂಬ ಮರದ ಸೂಜಿಯಂಥ ಎಲೆಗಳನ್ನು ತಿನ್ನುವ ಮರಿಗಳನ್ನು ಗೆಂಟ್ ಎಂಬ ವಿಜ್ಞಾನಿ ಬಹು ತಾಳ್ಮೆಯಿಂದ ಗಮನಿಸಿ 1960ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಆಗತಾನೆ ಮೊಟ್ಟೆಯೊಡೆದು ಬಂದ ಮರಿಗೆ ಆ ಎಲೆ ಕಬ್ಬಿಣದ ಕಡಲೆ. ಹೊರಪೊರೆಯನ್ನು ಒಡೆದು ಒಳಗಿನ ಮೆದುವನ್ನು ಮುಟ್ಟುವ ಶಕ್ತಿ ಬಹಳ ಮರಿಗಳ ದವಡೆಗೆ ಇರುವುದಿಲ್ಲ. ಅದೂ ಇದೂ ಅಲ್ಲಲ್ಲಿ ಕಚ್ಚಿ ನೋಡುತ್ತವೆ, ಸೋಲುತ್ತವೆ. ಕಡೆಗೆ ಯಾವುದೋ ಒಂದು ಮರಿಯ ಹಲ್ಲು ನಾಟುತ್ತದೆ. ಕಚ್ಚಿದ ಎಲೆಯ ವಾಸನೆಗೆ, ಕಚ್ಚಿದ ಮರಿಯ ಎಂಜಲಿನ ವಾಸನೆಗೆ ಸುತ್ತಲಿನವು ಹರಿದು ಬಂದು ಅದೇ ಗಾಯದಲ್ಲಿ ಬಾಯಿಡುತ್ತವೆ. ಒಂದರ ಹಲ್ಲಿನಿಂದ ಎಲ್ಲವುಗಳ ಹೊಟ್ಟೆ ತುಂಬುತ್ತದೆ. ಒಂಟಿಯಾಗಿ ಬಿಟ್ಟ ಮರಿಗಳಲ್ಲಿ ಸಾಯುವವು ಹೆಚ್ಚು, ಗುಂಪಿನಲ್ಲಿರುವವುಗಳಲ್ಲಿ ಕಡಿಮೆ.

ಆಸ್ಟ್ರೇಲಿಯದಲ್ಲಿ ನೀಲಗಿರಿ ಮರಗಳ ಮೇಲೆ ಬದುಕುವ ಪರ್ಗಾ ಎಂಬ ಜಾತಿಯ ಸಂಸಾರ ಇನ್ನೂ ವಿಚಿತ್ರವಾದದ್ದು. ಹಗಲೆಲ್ಲ ಈ ಮರಿಗಳು ಕೊಂಬೆಗೆ ಒತ್ತಾಗಿ ಗೊಂಚಲು ಕಟ್ಟಿಕೊಂಡು ಕೂತಿರುತ್ತವೆ. ಕತ್ತಲಾದ ಮೇಲೆ ಚದರಿ ಮೇಯಲು ಹೋಗುತ್ತವೆ. ಬೆಳಗಾಗುವ ಹೊತ್ತಿಗೆ ಮತ್ತೆ ಕೂಡುತ್ತವೆ. ಹಿಂಡಿನಿಂದ ತಪ್ಪಿಸಿಕೊಂಡ ಮರಿ ತನ್ನ ಬಾಲದ ತುದಿಯಿಂದ ಕೊಂಬೆಯನ್ನು ತಟ್ಟುತ್ತದೆ. ಹಿಂಡಿನವು ತಾವೂ ತಟ್ಟಿ ಉತ್ತರ ಕೊಡುತ್ತವೆ. ಮರದ ಎಲೆ ತೀರಿದರೆ ಸಾಲುಗಟ್ಟಿ ಕೆಳಗಿಳಿದು ಬೇರೆ ಮರ ಹುಡುಕುತ್ತವೆ. ಬೆಳೆದ ಮೇಲೆ ಒಟ್ಟಾಗಿಯೇ ಮಣ್ಣಿಗಿಳಿದು ಒಂದರ ಪಕ್ಕಕ್ಕೊಂದು ಗೂಡು ಕಟ್ಟಿಕೊಳ್ಳುತ್ತವೆ. ಈ ಜೀವನವನ್ನು ಕಾರ್ನ್ ಎಂಬವರು 1962ರಲ್ಲಿ ವಿಸ್ತಾರವಾಗಿ ಬರೆದಿಟ್ಟರು. ಈ ಹಿಂಡಿನಲ್ಲಿ ಕೆಲವು ಮರಿಗಳು ಉಳಿದವುಗಳಿಗಿಂತ ಹೆಚ್ಚಾಗಿ ಮುಂದಾಳುಗಳಾಗುತ್ತವೆ ಎಂಬುದನ್ನು 1997ರಲ್ಲಿ ವೈನ್‌ಸ್ಟೈನ್ ಮತ್ತು ಮೆಲ್ಟ್ಸರ್ ಎಂಬಿಬ್ಬರು ಪ್ರಕಟಿಸಿದರು. ಮುಂದೆ ಹೋಗುವ ಹುಳು, ಹಿಂದೆ ಬರುವ ಹುಳು ಎಂಬ ಭೇದ ಅಲ್ಲಿಯೂ ಉಂಟೆಂದಾಯಿತು.

ಇನ್ನು ರಕ್ಷಣೆಯ ವಿಷಯ. ಪೈನ್ ಮರದ ರಾಳ ಅಂಟಾದದ್ದು, ಘಾಟಾದದ್ದು. ಮರ ತನ್ನ ರಕ್ಷಣೆಗೆಂದು ಮಾಡಿಟ್ಟುಕೊಂಡ ಈ ರಾಳವನ್ನೇ ಮರಿಗಳು ಎಲೆಯೊಡನೆ ನುಂಗಿ, ಜೀರ್ಣಿಸದೆ, ಗಂಟಲಿನ ಹಿಂದಿನ ಚೀಲಗಳಲ್ಲಿ ಕೂಡಿಟ್ಟುಕೊಳ್ಳುತ್ತವೆ. ಇರುವೆಯೋ ಜೇಡವೋ ಮೈಮೇಲೆ ಬಂದರೆ ತಲೆಯೆತ್ತಿ ಒಂದು ತೊಟ್ಟನ್ನು ಹೊರಗೆ ತರುತ್ತವೆ, ವೈರಿ ಹಿಮ್ಮೆಟ್ಟುತ್ತದೆ. ಅಮೆರಿಕದ ಐಸ್ನರ್ ಮತ್ತು ಅವರ ಸಂಗಡಿಗರು 1974ರಲ್ಲಿ ಇದನ್ನು ತೋರಿಸಿಕೊಟ್ಟರು. ಪರ್ಗಾ ಮರಿಗಳೂ ನೀಲಗಿರಿಯ ಎಣ್ಣೆಯಿಂದ ಇದೇ ಕೆಲಸ ಮಾಡುತ್ತವೆ. ಹಿಂಡಿನಲ್ಲಿ ಹತ್ತಾರು ತಲೆಗಳು ಒಮ್ಮೆಗೇ ಎದ್ದು ಉಗುಳಿದರೆ ಯಾವ ವೈರಿಗಾದರೂ ಯೋಚನೆಯಾಗಬೇಕು. ಆದರೆ ಎಲ್ಲ ಮರಿಗಳೂ ಉಗುಳುವುದಿಲ್ಲ! ಕೆಲವು ಹಿಂಡಿನ ನಡುವೆ ಕೂತು, ಪಕ್ಕದವರು ಉಗುಳಿದ ರಾಳದ ನೆರಳಿನಲ್ಲಿ ಕ್ಷೇಮವಾಗಿರುತ್ತವೆ. ಉಗುಳುವುದಕ್ಕೆ ಖರ್ಚಿದೆ, ಮೈಗೆ ಸೇರಬೇಕಾದ ಕಸುವು ಅದಕ್ಕೆ ಹೋಗುತ್ತದೆ. ಆಹಾರ ಮತ್ತು ಅಪಾಯ ಬದಲಾದ ಹಾಗೆ ಈ ಸಹಕಾರವೂ ಅದರ ವೆಚ್ಚವೂ ಬದಲಾಗುತ್ತವೆ ಎಂದು ಫಿನ್‌ಲೆಂಡಿನ ವಿಜ್ಞಾನಿಗಳು 2018ರಲ್ಲಿ ವರದಿ ಮಾಡಿದ್ದಾರೆ.

ಇಷ್ಟನ್ನು ಓದಿದವರಿಗೆ ಸಭೆಗಳ, ಸಂಘಗಳ, ಕಚೇರಿಗಳ ನೆನಪು ಬರದೆ ಇರದು. ನನಗೆ ನಾನು ಬಲ್ಲ ಒಂದು ಬಡಾವಣೆಯ ನೆನಪು ಬರುತ್ತದೆ. ಅಲ್ಲಿಯ ಚರಂಡಿ ಕಟ್ಟಿಕೊಂಡು ಎರಡು ಮಳೆಗಾಲ ಕಳೆದಿತ್ತು. ಪ್ರತಿ ಮನೆಯ ಜಗಲಿಯ ಮೇಲೂ ಅದರದೇ ಮಾತು. ಕಡೆಗೆ ನಿವೃತ್ತರಾದ ಒಬ್ಬ ಶಾಲಾ ಉಪಾಧ್ಯಾಯಿನಿ ಅರ್ಜಿ ಬರೆದು, ತಮ್ಮ ಹೆಸರನ್ನು ಮೊದಲು ಹಾಕಿ, ಸಂಬಂಧಪಟ್ಟ ಕಚೇರಿಗೆ ಹೋಗಿ ಬಂದರು. "ನಿಮಗೊಬ್ಬರಿಗೇ ಏನಮ್ಮ ತೊಂದರೆ?" ಎಂಬ ಮಾತನ್ನು ಅಲ್ಲಿ ಕೇಳಿ ಬಂದರು. ಅವರ ಸಹಿ ಬಿದ್ದ ಮೇಲೆ ಮಾತ್ರ ಸಂಜೆಯ ಹೊತ್ತಿಗೆ ನಲವತ್ತು ಸಹಿಗಳಾದುವು. ಅರ್ಜಿ ಮುಟ್ಟಿದ ವಾರದಲ್ಲಿಯೇ ಕಚೇರಿಯವರು ಅಳತೆಯ ಟೇಪು ಹಿಡಿದು ಬಂದು, ಇಡೀ ಬೀದಿಯಲ್ಲಿ ಅವರ ಮನೆಯ ಮೆಟ್ಟಿಲು ಮಾತ್ರ ರಸ್ತೆಗೆ ಬಂದಿದೆಯೆಂದು ಕಂಡುಹಿಡಿದರು. ಮೆಟ್ಟಿಲು ಹೋಯಿತು, ಚರಂಡಿ ಸರಿಯಾಯಿತು. "ನಾವೆಲ್ಲ ಸೇರಿ ಮಾಡಿಸಿದೆವು" ಎಂದು ಬೀದಿ ಹೇಳಿಕೊಂಡಿತು. ಮುಂದಿನ ವರ್ಷ ನೀರಿನ ಕೊಳಾಯಿಯ ತೊಂದರೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಟೀಚರಮ್ಮನವರಿಗೆ ಹೇಳೋಣ, ಅವರಿಗೆ ಇದೆಲ್ಲ ರೂಢಿ."

ಈ ಬೀದಿಗೂ ಆ ಪೈನ್ ಮರದ ಕೊಂಬೆಗೂ ಏನು ವ್ಯತ್ಯಾಸ? ಪ್ರಕೃತಿಯನ್ನು ಮುಂದಿಟ್ಟುಕೊಂಡು ನೀತಿಯನ್ನು ಕುರಿತು ವಾದಿಸಿದವರು ಎರಡು ಕಡೆಯಲ್ಲಿಯೂ ಇದ್ದಾರೆ. ಟಿ. ಎಚ್. ಹಕ್ಸ್‌ಲಿ 1893ರ ಉಪನ್ಯಾಸದಲ್ಲಿ, ಪ್ರಕೃತಿಯ ದಾರಿಯನ್ನು ಅನುಕರಿಸುವುದು ನೀತಿಯಲ್ಲ, ಅದನ್ನು ಎದುರಿಸುವುದೇ ನೀತಿಯೆಂದರು. ಕ್ರೊಪಾಟ್‌ಕಿನ್ 1902ರ ತಮ್ಮ ಗ್ರಂಥದಲ್ಲಿ ಪರಸ್ಪರ ಸಹಾಯವೂ ಪ್ರಕೃತಿಯ ಧರ್ಮವೇ ಎಂದು ಸಾಧಿಸಲು ಹೊರಟರು. ಮುಂದೆ ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ ಈ ವಾದಕ್ಕೆ ಲೆಕ್ಕದ ರೂಪ ಕೊಟ್ಟರು. ಒಡಹುಟ್ಟಿದವರಿಗೆ ಮಾಡಿದ ಉಪಕಾರದಲ್ಲಿ ತನ್ನ ರಕ್ತಕ್ಕೂ ಪಾಲಿದೆ ಎಂಬುದು 1964ರ ಲೆಕ್ಕ. ಹಿಂಡಿನಲ್ಲಿ ಪ್ರತಿಯೊಂದು ಪ್ರಾಣಿಯೂ ತನಗೂ ಅಪಾಯಕ್ಕೂ ನಡುವೆ ಇನ್ನೊಂದನ್ನು ಇಟ್ಟುಕೊಳ್ಳಲು ನೋಡುತ್ತದೆ ಎಂಬುದು 1971ರ ಲೆಕ್ಕ. ಒಬ್ಬರೇ ಈ ಎರಡನ್ನೂ ಹೇಳಿದರೆಂಬುದನ್ನು ಮರೆಯಬಾರದು. ಹಿಂಡಿನಲ್ಲಿ ಎರಡೂ ಉಂಟು.

ನನ್ನ ಮಟ್ಟಿಗೆ ಹುಳುವನ್ನು ಹೊಗಳುವುದೂ ತೆಗಳುವುದೂ ವ್ಯರ್ಥ. ಮೊದಲು ಕಚ್ಚಿದ ಮರಿ ಉಳಿದವುಗಳ ಉದ್ಧಾರಕ್ಕೆಂದು ಕಚ್ಚಲಿಲ್ಲ; ಅದಕ್ಕೆ ಹಸಿವಾಗಿತ್ತು. ಉಗುಳದೆ ಕೂತ ಮರಿ ವಂಚಕನೂ ಅಲ್ಲ. ಪಕ್ಕದವನು ತನ್ನ ಪಾಲಿನದನ್ನೂ ತೆತ್ತನೆಂಬುದು ಅದಕ್ಕೆ ತಿಳಿಯದು. ತಿಳಿಯದವನಿಗೆ ಋಣವಿಲ್ಲ. ಮನುಷ್ಯನು ಬೇರೆಯಾಗುವುದು ಇಲ್ಲಿಯೇ. ಬೀದಿಯ ನಲವತ್ತು ಮನೆಗಳಿಗೂ ಮೆಟ್ಟಿಲು ಹೋದದ್ದು ಕಣ್ಣಿಗೆ ಕಾಣುತ್ತಿತ್ತು. ಯಾರು ಬೆಲೆ ತೆತ್ತರೆಂಬುದು ತಿಳಿದ ಕ್ಷಣದಿಂದ ನಾವು ಹುಳುವಿನ ಲೆಕ್ಕದಿಂದ ಹೊರಗೆ ಬಂದೆವು.

ಎಲ್ಲರೂ ಧೀರರಾಗಲು ಸಾಧ್ಯವೆ? ಕೆಲವರ ದವಡೆ ಹುಟ್ಟಿನಿಂದಲೇ ಗಟ್ಟಿ. ಅವರು ಮುಂದೆ ಹೋಗಲಿ, ಉಳಿದವರು ಹಿಂಬಾಲಿಸಲಿ, ಅದರಲ್ಲಿ ತಪ್ಪೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಆ ಕೆನಡದ ಮರಿಗಳ ಕಡೆ ಇನ್ನೊಮ್ಮೆ ತಿರುಗಬೇಕು. ದೊಡ್ಡ ಗುಂಪಿಗೆ ಅನುಕೂಲವಾದದ್ದು ಏತರಿಂದ? ಬಹಳ ಬಾಯಿಗಳು ಕಚ್ಚಿ ನೋಡಿದ್ದರಿಂದ. ಹಲವು ಸೋತುವು, ಒಂದು ಗೆದ್ದಿತು. ಹಲವು ಕಚ್ಚದಿದ್ದರೆ ಆ ಒಂದು ಗೆಲ್ಲುವ ಸಂಭವವೂ ಅಷ್ಟೇ ಕಡಿಮೆಯಾಗುತ್ತಿತ್ತು. ಎಲ್ಲವೂ ಇನ್ನೊಂದರ ವಾಸನೆಗಾಗಿ ಕಾದು ಕೂತಿದ್ದರೆ ನೂರು ಮರಿಗಳ ಗುಂಪು ಒಂಟಿ ಮರಿಗಿಂತ ಯಾವ ವಿಧದಲ್ಲಿಯೂ ಮೇಲಾಗುತ್ತಿರಲಿಲ್ಲ. ಸಂಖ್ಯೆ ತಾನಾಗಿ ಬಲವಲ್ಲ. ಪ್ರಯತ್ನಗಳ ಸಂಖ್ಯೆ ಬಲ. ಗೆಲ್ಲುವುದು ಎಲ್ಲರ ಕೈಯಲ್ಲಿಲ್ಲ. ಹಲ್ಲೂರಿ ನೋಡುವುದು ಎಲ್ಲರ ಕೈಯಲ್ಲಿದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕೇಳಿ ಎದ್ದುಹೋದ ಇಲಿಗಳ ಸಭೆಗೆ ಇಲ್ಲದೆ ಹೋದದ್ದು ಸಂಖ್ಯೆಯಲ್ಲ.

ಪಂಚತಂತ್ರದ ಪಾರಿವಾಳಗಳ ಕಥೆ ನಮ್ಮ ಮನೆಗಳಲ್ಲಿ ಎಲ್ಲ ಮಕ್ಕಳಿಗೂ ಗೊತ್ತು. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಿಗೆ ಹಾರಿ ಬಲೆಯನ್ನೇ ಎತ್ತಿಕೊಂಡು ಹೋದುವು ಎಂಬಲ್ಲಿಗೆ ಕಥೆ ಮುಗಿಸಿ, ಒಗ್ಗಟ್ಟಿನಲ್ಲಿ ಬಲವಿದೆ ಎಂದು ನೀತಿ ಹೇಳಿಬಿಡುತ್ತೇವೆ. ಮುಂದಿನದು ನನಗೆ ಹೆಚ್ಚು ಪ್ರಿಯ. ಬಲೆ ಕಡಿಯಲು ಬಂದ ಇಲಿಗೆ ಪಾರಿವಾಳಗಳ ಅರಸ ಚಿತ್ರಗ್ರೀವನು, ಮೊದಲು ನನ್ನವರ ಕಟ್ಟು ಕಡಿ, ನನ್ನದು ಆಮೇಲೆ ಎನ್ನುತ್ತಾನೆ. ಅರಸನ ಧರ್ಮವನ್ನು ಕಥೆ ಹೇಳಿತು. ಕಟ್ಟು ಹರಿದ ಪಾರಿವಾಳಗಳು ಅರಸನ ಕಟ್ಟು ಹರಿಯುವವರೆಗೂ ನಿಲ್ಲಬೇಕೆ, ಬೇಡವೆ ಎಂಬುದನ್ನು ಮಾತ್ರ ನಾವು ಮಕ್ಕಳನ್ನು ಕೇಳುವುದಿಲ್ಲ.

ಕೇಳಬೇಕು. ಮುಂದೆ ಹೋದವನ ಋಣ ಹಾರ ಹಾಕಿದ್ದರಿಂದ ತೀರದು; ಹಾರ ಹಾಕುವುದು ಎಷ್ಟೋ ಸಲ ಇನ್ನೊಮ್ಮೆಯೂ ಅವನನ್ನೇ ಮುಂದೆ ತಳ್ಳುವ ಉಪಾಯ. ಅವನ ಮೆಟ್ಟಿಲನ್ನು ಕೀಳಲು ಬಂದ ದಿನ ಪಕ್ಕದಲ್ಲಿ ಹೋಗಿ ನಿಲ್ಲುವುದು ಒಂದು ತೀರಿಕೆ. ಮುಂದಿನ ಅರ್ಜಿಯ ಮೇಲೆ ಮೊದಲ ಸಹಿಯನ್ನು ತಾನು ಹಾಕುವುದು ಇನ್ನೊಂದು. ಆ ಮರಿಗಳ ಸಹವಾಸ ಬಾಲ್ಯದ ಕೆಲವು ವಾರಗಳದು. ರೆಕ್ಕೆ ಬಂದ ಮೇಲೆ ಅವುಗಳ ಪಾಡು ಅವಕ್ಕೆ. ನಮ್ಮದು ಬದುಕಿರುವವರೆಗೂ ಬಿಡದ ನೆರೆಹೊರೆ. ಅದರಲ್ಲಿ ಮೊದಲು ಕಚ್ಚುವ ಕೆಲಸಕ್ಕೆ ಸರದಿಯಿರಲಿ ಎಂದರೆ ಅತಿಯಾಸೆಯಾಗದು.