ಕರಗುವ ಹಿಮದ ಮುಂದೆ



ನಮ್ಮ ಬಳಗದ ಅಕ್ಕ ಒಬ್ಬರು ಮಗ, ಸೊಸೆ, ಮೊಮ್ಮಗಳ ಜೊತೆ ಕ್ರೂಸ್ ಹಡಗಿನಲ್ಲಿ ಅಲಾಸ್ಕಾಕ್ಕೆ ಹೋಗಿ ಬಂದರು. ಜೂನೋ ಎಂಬ ಊರಿನಲ್ಲಿ ಹಡಗು ಒಂದು ಹಗಲು ನಿಂತಿತಂತೆ. ಪಣಂಬೂರಿಗೆ ಹಡಗು ಬಂದಾಗ ವಿದೇಶಿಯರನ್ನು ಬಸ್ಸಿನಲ್ಲಿ ಕದ್ರಿಗೆ, ಕುದ್ರೋಳಿಗೆ ಕರೆತರುತ್ತಾರಲ್ಲ, ಹಾಗೆಯೇ ಅಲ್ಲಿ ಇವರನ್ನು ಮೆಂಡೆನ್‌ಹಾಲ್ ಹಿಮನದಿ ನೋಡಲು ಕರೆದೊಯ್ದರು. ಭಾನುವಾರ ಫೋಟೊ ತೋರಿಸಿದರು. ನೀಲಿ ಮಂಜುಗಡ್ಡೆ, ಹಿಂದೆ ಬೆಟ್ಟದ ಸಾಲು, ಪಕ್ಕದಲ್ಲೊಂದು ಜಲಪಾತ. ಈ ಅಕ್ಕನ ತಾಯಿ ಮಂಗಳೂರಿನ ಬೀದಿ ಗುಡಿಸಿ ಮಕ್ಕಳನ್ನು ಓದಿಸಿದವರು.

ಒಬ್ಬ ಅಣ್ಣ ಕೇಳಿದರು: "ಹಡಗು ಎಣ್ಣೆ ಸುಡುತ್ತದೆ, ಆ ಹೊಗೆಗೇ ಹಿಮ ಕರಗುವುದು. ಕರಗಿಸುವವರೇ ನೋಡಲಿಕ್ಕೆ ಹೋಗುವುದಾ?" ಅಕ್ಕನ ಮುಖ ಬಾಡಿತು. ಇನ್ನೊಬ್ಬರು ಸಮಾಧಾನಕ್ಕೆ, "ಎಲ್ಲವೂ ಅನಿತ್ಯ ಮಾರಾಯ್ರೆ, ಹಿಮವೂ ಅನಿತ್ಯ" ಅಂದರು. ಚಾ ಬಂತು, ಮಾತು ನಿಂತಿತು.

ನನ್ನನ್ನು ಹೆಚ್ಚು ಚುಚ್ಚಿದ್ದು ಆ ಸಮಾಧಾನದ ಮಾತು.

ಅನಿತ್ಯ ನಿಜ. ಆದರೆ ಭಗವಾನ್ ಬುದ್ಧರು ಅಲ್ಲಿಗೇ ನಿಲ್ಲಲಿಲ್ಲ. ಕಾರಣವಿದ್ದರೆ ಕಾರ್ಯ, ಕಾರಣ ಹೋದರೆ ಕಾರ್ಯವೂ ಹೋಗುತ್ತದೆ ಎಂದರು. ಬೇಸಿಗೆಯಲ್ಲಿ ಕರಗಿದ್ದು ಚಳಿಗಾಲದಲ್ಲಿ ತುಂಬಿಕೊಳ್ಳುವುದು ಬೇರೆ, ತುಂಬಲಾಗದಷ್ಟು ಕರಗುವುದು ಬೇರೆ. ಮೆಂಡೆನ್‌ಹಾಲ್ ನೋಡಲೆಂದು 1962ರಲ್ಲಿ ತೆರೆದ ಕೇಂದ್ರದಿಂದ ಹಿಮದ ಅಂಚು ದೂರ ದೂರ ಸರಿದಿದೆ. 2023ರ ಆಗಸ್ಟ್‌ನಲ್ಲಿ ಪಕ್ಕದ ಕಣಿವೆಯಲ್ಲಿ ಕಟ್ಟಿಕೊಂಡಿದ್ದ ನೀರು ಒಮ್ಮೆಲೇ ನುಗ್ಗಿ ಜೂನೋದ ಮನೆಗಳನ್ನು ಕೆಡವಿತು. 2024ರಲ್ಲಿ ಮತ್ತೆ ನುಗ್ಗಿತು. ಹೀಗೆ ಕರಗಿದ ನೀರು ಸೇರುವುದು ಕಡಲಿಗೇ. ಉಳ್ಳಾಲದ ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಕಡಲು ಏರುತ್ತಿರುವುದು ಅಲ್ಲಿನವರಿಗೆ ಒಳ್ಳೆಯ ಸುದ್ದಿಯಂತೂ ಅಲ್ಲ. ಅವರ ಬಳಿ ಹೋಗಿ ಅನಿತ್ಯ ಎನ್ನಲಿಕ್ಕಾಗುತ್ತದಾ? ನಮ್ಮ ಅಜ್ಜಂದಿರಿಗೆ "ಅದು ನಿಮ್ಮ ಪೂರ್ವಜನ್ಮದ ಕರ್ಮ" ಎಂದವರೂ ಹೇಳಿದ್ದು ಇದನ್ನೇ: ಕಾರಣ ಕೇಳಬೇಡಿ.

ಮುದುಕ, ರೋಗಿ, ಶವ ಕಂಡು ಸಿದ್ಧಾರ್ಥ ಮನೆ ಬಿಟ್ಟ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಮುಂದಿಟ್ಟದ್ದು ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಆದ ಜಗಳವನ್ನು. ಸಿದ್ಧಾರ್ಥ ಯುದ್ಧ ಬೇಡ ಎಂದ, ಅದಕ್ಕೆ ಬೆಲೆ ತೆತ್ತ. ಸವೆತ, ಸಾವು ಎಲ್ಲರಿಗೂ ಇದೆ. ನೀರು ಯಾರ ಪಾಲಿಗೆ, ನೆರೆ ಯಾರ ಪಾಲಿಗೆ ಎನ್ನುವುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ.

ಮೊದಲ ಅಣ್ಣನ ಪ್ರಶ್ನೆ ಸರಿಯೇ. ಆದರೆ ಜನ್ಮದಲ್ಲಿ ಒಂದೇ ಸಲ ಹಡಗು ಹತ್ತಿದವರಿಂದ ಅದನ್ನು ಶುರುಮಾಡಿದ್ದು ಸರಿಯಲ್ಲ. ಜೂನೋದವರು ಪ್ರಯಾಣಿಕರನ್ನು ಬಯ್ಯುತ್ತ ಕೂರಲಿಲ್ಲ, ಹಡಗು ಕಂಪನಿಗಳ ಜೊತೆ ಕೂತು 2024ರಿಂದ ದಿನಕ್ಕೆ 5 ದೊಡ್ಡ ಹಡಗು ಮಾತ್ರ ಎಂದು ಒಪ್ಪಂದ ಮಾಡಿಕೊಂಡರು. ಹಾಗೆಂದು ಅಕ್ಕನ ಪಾಲು ಸೊನ್ನೆ ಎಂದು ನಾನು ಹೇಳಲಾರೆ. ಅವರೂ ಹೇಳುವುದಿಲ್ಲ.

ಚಪ್ಪಲಿ ಹಾಕಿಕೊಳ್ಳುವಾಗ ಅಕ್ಕ ಒಂದು ವಿಷಯ ಹೇಳಿದರು. ಅವರ ಕೋಣೆ ಶುಚಿ ಮಾಡುತ್ತಿದ್ದವ ಮೂಲ್ಕಿ ಕಡೆಯ ಹುಡುಗ, ತುಳು ಮಾತಾಡಿದನಂತೆ. ಎಷ್ಟೋ ಸಲ ಜೂನೋಕ್ಕೆ ಬಂದಿದ್ದಾನೆ, ಹಿಮನದಿ ನೋಡಿಲ್ಲ. ಪ್ರಯಾಣಿಕರು ಇಳಿದ ಹೊತ್ತಿನಲ್ಲೇ ಅವನಿಗೆ ಕೆಲಸ. ಅಕ್ಕ ಫೋಟೊ ತೋರಿಸಿದಾಗ ಒದ್ದೆ ಬಟ್ಟೆ ಹೆಗಲಿಗೆ ಹಾಕಿ ನೋಡಿದನಂತೆ. "ಹತ್ತಿರ ಹೋದರೆ ತಣ್ಣಗೆ ಗಾಳಿ ಬರ್ತದಾ ಅಕ್ಕ?" ಎಂದು ಕೇಳಿದ.

"ಹೌದು ಅನ್ನಲಿಕ್ಕೆ ನನಗೆ ನಾಚಿಕೆ ಆಯ್ತು" ಎಂದರು ಅಕ್ಕ.