ಗುರು ಮುನಿದರೆ

‘ಹರ ಮುನಿದರೆ ಗುರು ಕಾಯುವನು, ಗುರು ಮುನಿದರೆ ಕಾಯುವರಿಲ್ಲ.’ ಈ ಮಾತು ನಮ್ಮ ಕಿವಿಗೆ ಬಿದ್ದದ್ದು ಚಿಕ್ಕಂದಿನಲ್ಲಿ, ಅದೂ ಗದರಿಕೆಯ ದನಿಯಲ್ಲಿ. ಮೇಷ್ಟ್ರಿಗೆ ಎದುರಾಡಬೇಡ, ಅವರನ್ನು ನೋಯಿಸಿದರೆ ನಿನಗೆ ಗತಿಯಿಲ್ಲ ಎಂಬಲ್ಲಿಗೆ ಅದರ ಅರ್ಥ ಮುಗಿಯುತ್ತಿತ್ತು. ಹುಡುಗರನ್ನು ಹಗ್ಗಕ್ಕೆ ಜೋತುಬಿಡಿಸಿ ಕೋದಂಡದ ಶಿಕ್ಷೆ ಕೊಡುತ್ತಿದ್ದ ಕೂಲಿಮಠದ ಕಾಲಕ್ಕೆ ಆ ಅರ್ಥ ಸಾಕಾಗಿತ್ತೇನೋ. ನನಗೆ ಮಾತ್ರ ಇದು ಶಿಷ್ಯನಿಗಿಂತ ಹೆಚ್ಚಾಗಿ ಗುರುವಿಗೇ ಹೇಳಿದ ಮಾತು ಅನ್ನಿಸುತ್ತದೆ. ಮೊದಲರ್ಧ ಗುರುವಿಗೆ ಒಂದು ಕೆಲಸ ವಹಿಸುತ್ತದೆ. ಆ ಕೆಲಸ ಬಿಟ್ಟರೆ ಮಗುವಿನ ಪಾಡೇನು ಎಂಬುದನ್ನು ಎರಡನೆಯ ಅರ್ಧ ಹೇಳುತ್ತದೆ.

ಹರ ಮುನಿದ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ರಾಯಚೂರು, ಕಲಬುರಗಿಯ ಕಡೆಯಿಂದ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ಮಗ್ಗುಲಲ್ಲಿ ತಂಗಿಯನ್ನು ಆಡಿಸುತ್ತಾ ಕೂತ ಹುಡುಗಿ ಮತ್ತೆ ತರಗತಿಗೆ ಬರುವ ಹೊತ್ತಿಗೆ ಪಾಠಗಳು ಎಷ್ಟೋ ಮುಂದೆ ಹೋಗಿರುತ್ತವೆ. ಇನ್ನೊಬ್ಬನ ಮನೆಯಲ್ಲಿ ರಾತ್ರಿಯಿಡೀ ಕುಡಿತ, ಹೊಡೆದಾಟ. ಇಂಥ ಮಕ್ಕಳು ಬೆಳಿಗ್ಗೆ ಹತ್ತಕ್ಕೆ ಪ್ರಾರ್ಥನೆಯ ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಲ್ಲುತ್ತಾರೆಂದು ನಿರೀಕ್ಷಿಸುವುದು ಹೇಗೆ?

ಏಳನೇ ತರಗತಿಯ ಹಿಂದಿನ ಬೆಂಚಿನ ಹುಡುಗನನ್ನೇ ನೋಡಿ. ಕನ್ನಡ ಪಿರಿಯಡ್ಡಿನಲ್ಲಿ ಒಬ್ಬೊಬ್ಬರೇ ಎದ್ದು ಒಂದೊಂದು ಪ್ಯಾರಾ ಓದುತ್ತಿದ್ದಾರೆ. ಸರದಿ ಇವನಿಗಿಂತ ಮೂವರ ಆಚೆ ಇರುವಾಗಲೇ ಇವನ ಕಾಲು ಅಲ್ಲಾಡತೊಡಗುತ್ತದೆ. ಇನ್ನಿಬ್ಬರಿದ್ದಾಗ ಪಕ್ಕದವನ ಪೆನ್ನು ಕಿತ್ತುಕೊಳ್ಳುತ್ತಾನೆ. ಇನ್ನೊಬ್ಬನಿದ್ದಾಗ ಹೊಡೆದಾಟವೇ ಶುರುವಾಗುತ್ತದೆ. ಮೇಷ್ಟ್ರು ರೇಗಿ ಹೊರಗೆ ನಿಲ್ಲಿಸುತ್ತಾರೆ, ಇವನು ನಗುತ್ತಾ ಹೋಗುತ್ತಾನೆ. ಎಲ್ಲರಿಗೂ ಕಂಡದ್ದು ಪುಂಡಾಟ. ಆದರೆ ಇವನಿಗೆ ಒತ್ತಕ್ಷರ ಓದಲು ಬರುವುದಿಲ್ಲ. ನಲವತ್ತು ಜನರ ಮುಂದೆ ‘ಸ್ವಾತಂತ್ರ್ಯ’ ಎಂಬ ಪದಕ್ಕೆ ತಡವರಿಸಿ ದಡ್ಡನೆನ್ನಿಸಿಕೊಳ್ಳುವುದಕ್ಕಿಂತ ಪೋಕರಿ ಎನ್ನಿಸಿಕೊಳ್ಳುವುದೇ ಅವನಿಗೆ ಮರ್ಯಾದೆ. ತರಲೆ ಮಕ್ಕಳೆಲ್ಲರ ಕಥೆ ಇದೇ ಎನ್ನಲಾರೆ. ಆದರೂ ಗಲಾಟೆ ಯಾವ ಹೊತ್ತಿಗೆ ಶುರುವಾಗುತ್ತದೆ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯುತ್ತಿತ್ತು ಎಂದು ಒಂದು ವಾರ ಗಮನಿಸಿದ ಮೇಷ್ಟ್ರಿಗೆ ಬೆತ್ತದಿಂದ ಸಿಗದ ಸುಳಿವು ಸಿಗುತ್ತದೆ.

ಅಲ್ಲಿಂದಾಚೆ ಮಾಡಬೇಕಾದದ್ದು ಮಹಾ ಸಾಹಸವೇನಲ್ಲ. ಅವನನ್ನು ಎಲ್ಲರೆದುರು ಓದಿಸದೆ, ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸಾಲು ಓದಿಸುವುದು. ಗಂಟೆ ಹೊಡೆಯುವುದನ್ನೋ ಆಟದ ಸಾಮಾನಿನ ಬೀಗದ ಕೈಯನ್ನೋ ಅವನಿಗೆ ವಹಿಸುವುದು. ನಿನ್ನೆ ಎಷ್ಟೇ ರಂಪ ಮಾಡಿದ್ದರೂ ಇವತ್ತು ಹಾಜರಿ ಕರೆಯುವಾಗ ಆ ಹೆಸರನ್ನು ಉಳಿದ ಹೆಸರುಗಳಷ್ಟೇ ಸಲೀಸಾಗಿ ಕರೆಯುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಗುರು ಕಾಯುವುದು ಬರೀ ನಂಬಿಕೆಯ ಮಾತಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಹೀಗೆ ಹಲವು ಕಷ್ಟಗಳು ಒಟ್ಟೊಟ್ಟಿಗೆ ಬಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಪಾಲು ಗಟ್ಟಿ ಮನಸ್ಸಿನ, ಒಳ್ಳೆಯ ಮನುಷ್ಯರಾಗಿ ಬೆಳೆದರು. ಅಂಥವರ ಬೆನ್ನಿಗೆ ಕೈಬಿಡದ ಒಬ್ಬ ಹಿರಿಯರಿದ್ದರು. ಅದು ಅಜ್ಜಿ ಇರಬಹುದು, ಚಿಕ್ಕಮ್ಮ ಇರಬಹುದು. ಎಷ್ಟೋ ಸಲ ಶಾಲೆಯ ಒಬ್ಬ ಟೀಚರ್. ನಮ್ಮ ಮೇಷ್ಟ್ರುಗಳಿಗೆ ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಹದಿಹರೆಯದಲ್ಲಿ ದಾರಿ ತಪ್ಪಿದ್ದ ಎಷ್ಟೋ ಜನ ಮೂವತ್ತು ನಲವತ್ತರ ವಯಸ್ಸಿಗೆ ಸರಿದಾರಿಗೆ ಬಂದಿದ್ದರು. ಮಾರ್ಚ್ ಪರೀಕ್ಷೆಯಲ್ಲಿ ಕಾಣದ ಫಲವನ್ನು ಫಲವೇ ಇಲ್ಲವೆಂದು ಲೆಕ್ಕ ಹಾಕಬಾರದು. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಕಥೆಯೂ ಓದು ಹತ್ತದ ರಾಜಕುಮಾರರದ್ದೇ. ವಿಷ್ಣುಶರ್ಮನ ಹೆಸರಿನಲ್ಲಿ ಪ್ರಚಲಿತವಿರುವ ಕಥೆಯಲ್ಲಿ ಆರೇ ತಿಂಗಳಲ್ಲಿ ಅವರು ಜಾಣರಾಗುತ್ತಾರೆ. ಕಥೆ ಹೇಳಿ ಕಲಿಸಿದ ಅವನ ಉಪಾಯವನ್ನು ಇಟ್ಟುಕೊಳ್ಳೋಣ, ಆರು ತಿಂಗಳ ವಾಯಿದೆಯನ್ನು ಬಿಟ್ಟುಬಿಡೋಣ.

ಹಾಗಾದರೆ ಮೇಷ್ಟ್ರು ಸಿಟ್ಟಾಗಲೇಬಾರದೆ? ಸಮೀಕ್ಷೆ, ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಇವೆಲ್ಲದರ ನಡುವೆ ಎರಡು ತರಗತಿಗಳನ್ನು ಒಟ್ಟಿಗೆ ನಿಭಾಯಿಸುವವರಿಗೆ ಸಿಟ್ಟು ಬಾರದಿದ್ದರೆ ಆಶ್ಚರ್ಯ. ಗಾದೆ ಎಚ್ಚರಿಸುತ್ತಿರುವುದು ಸಂಜೆಗೆ ಇಳಿಯುವ ಆ ಸಿಟ್ಟನ್ನಲ್ಲ. ‘ಅವನು ಉದ್ಧಾರ ಆಗಲ್ಲ ಬಿಡಿ ಸಾರ್’ ಎಂದು ಸ್ಟಾಫ್ ರೂಮಿನಲ್ಲಿ ತೀರ್ಪು ಬಿದ್ದುಬಿಡುತ್ತದಲ್ಲ, ಅದನ್ನು. ಮನೆಯಲ್ಲಿ, ಬೀದಿಯಲ್ಲಿ ಸೋತುಬಂದ ಮಗುವಿಗೆ ಅದೇ ಕೊನೆಯ ಕೋರ್ಟು, ಅಲ್ಲಿಂದ ಮುಂದಕ್ಕೆ ಮೇಲ್ಮನವಿ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಬಾರದು, ಹೊಡೆಯಬಾರದು, ಮಾನಸಿಕವಾಗಿ ಹಿಂಸಿಸಬಾರದು ಎನ್ನುತ್ತದೆ. ಟಿ.ಸಿ. ಕೊಟ್ಟು ಸಾಗಹಾಕುವುದನ್ನು ಕಾಯ್ದೆ ತಡೆಯಬಹುದು. ತರಗತಿಯ ಒಳಗೇ ಇದ್ದವನನ್ನು ಇಲ್ಲವೆಂದು ತಿಳಿಯುವುದನ್ನು ತಡೆಯಲು ಮೇಷ್ಟ್ರೊಬ್ಬರಿಂದಲೇ ಸಾಧ್ಯ.

ಕಾಯುವುದೆಂದರೆ ಒಬ್ಬರೇ ಹೊರುವುದೆಂದೂ ಅಲ್ಲ. ಮಗುವಿನ ಮೈಮೇಲೆ ಬಾಸುಂಡೆ ಕಂಡರೆ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು, 1098ಕ್ಕೆ ಫೋನ್ ಮಾಡಬೇಕು. ಓದಿನ ತೊಡಕಿಗೆ ಕಣ್ಣಿನ, ಕಿವಿಯ ದೋಷ ಕಾರಣವೋ ಎಂದು ವೈದ್ಯರ ಬಳಿ ತೋರಿಸಬೇಕು. ನಿಮ್ಮ ಹತ್ತಿರ ಹಾರಾಡುವ ಹುಡುಗ ಪಿ.ಇ. ಮೇಷ್ಟ್ರ ಹತ್ತಿರ ಮೆತ್ತಗಿದ್ದರೆ ಅದು ನಿಮ್ಮ ಸೋಲಲ್ಲ, ಅವರನ್ನೇ ಕರೆದುಕೊಳ್ಳಿ.

ವರ್ಷದ ಕೊನೆಗೆ ಈ ಹುಡುಗ ಎಂಟನೇ ತರಗತಿಗೆ, ಬಹುಶಃ ಬೇರೆ ಶಾಲೆಗೆ ಹೋಗುತ್ತಾನೆ. ಅಲ್ಲಿನ ಮೇಷ್ಟ್ರು ಫೋನಿನಲ್ಲಿ ‘ಹೇಗೆ ಸಾರ್ ಇವನು?’ ಎಂದು ಕೇಳುತ್ತಾರೆ. ಒತ್ತಕ್ಷರ ಅರ್ಧ ಬಂದಿದೆ, ಎಲ್ಲರೆದುರು ಓದಿಸಬೇಡಿ, ಬೀಗದ ಕೈ ಕೊಟ್ಟರೆ ಕಳೆಯುವುದಿಲ್ಲ ಎಂದು ಹೇಳಿ ಕಳಿಸಿ.