ಪರರ ಹೊತ್ತಿನ ಉಳಿತಾಯ

ಅಡಿಕೆ ಕೊಯ್ಲಿನ ಕಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಮನೆಗಳಲ್ಲಿ ರಾತ್ರಿ ಬಹು ಹೊತ್ತಿನ ವರೆಗೂ ದೀಪ ಉರಿಯುವದನ್ನು ನೀವು ಬಲ್ಲಿರಿ. ಸುಲಿಯುವ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಯಾರ ಮಗುವಿಗೆ ಜ್ವರ, ಯಾರು ಬೇಗ ಮನೆಗೆ ಹೋಗಬೇಕು ಎಂಬದು ತೋಟದ ಯಜಮಾನನಿಗೆ ತಿಳಿದಿರುತ್ತದೆ. ಯಾಕಂದರೆ ಅವರ ಮುಖವನ್ನು ಅವನು ದಿನವೂ ನೋಡುತ್ತಾನೆ.

ಇಂಥ ರಾತ್ರಿಯ ಕೆಲಸವು ಪಟ್ಟಣಗಳಲ್ಲಿಯೂ ಉಂಟು. ನಾವು ಫೋನಿನಲ್ಲಿ ತರಿಸುವ ಪಾರ್ಸೆಲು ಮೊದಲು ಒಂದು ದೊಡ್ಡ ಗೋದಾಮಿಗೆ ಹೋಗುವದು. ಅಲ್ಲಿ ಪಿನ್ ಸಂಖ್ಯೆಯನ್ನು ನೋಡಿ, 577401 ಸಾಗರಕ್ಕೆ, 577418 ಹೊಸನಗರಕ್ಕೆ, 577432 ತೀರ್ಥಹಳ್ಳಿಗೆ ಎಂದು ವಿಂಗಡಿಸುವರು. ಬೆಳಗಾಗುವಷ್ಟರಲ್ಲಿ ಲಾರಿ ಹೊರಡಬೇಕಾದದರಿಂದ ಇದರಲ್ಲಿ ಬಹುಪಾಲು ರಾತ್ರಿಯಲ್ಲೇ ನಡೆಯುವದು.

ಖರ್ಚು ತಗ್ಗಿಸಬೇಕೆಂದಾಗ ಇಂಥ ಸ್ಥಳಗಳಲ್ಲಿ ಎರಡು ಪಾಳಿಗಳನ್ನು ಕೂಡಿಸಿ ಒಂದು ಮಾಡುವದುಂಟು, ಸಂಜೆಯ ಪಾಳಿಯನ್ನು ನಸುಕಿಗೆ ತಳ್ಳುವದುಂಟು, ತಾಸುಗಳನ್ನು ಕಡಿದು ಕೂಲಿಯನ್ನು ಇಳಿಸುವದೂ ಉಂಟು. ಅಮೆರಿಕದ ಯು.ಪಿ.ಎಸ್. ಎಂಬ ದೊಡ್ಡ ಪಾರ್ಸೆಲು ಕಂಪೆನಿಯು 2025ರಲ್ಲಿ ಸುಮಾರು 20,000 ಕೆಲಸಗಳನ್ನು ತೆಗೆಯುವೆವೆಂದೂ 73 ಕಟ್ಟಡಗಳನ್ನು ಮುಚ್ಚುವೆವೆಂದೂ ಪ್ರಕಟಿಸಿತು.

ಹಾಗಾದರೆ ಖರ್ಚು ಉಳಿಸುವದು ತಪ್ಪೋ? ತಪ್ಪಲ್ಲ. ದುಂದುಗಾರನ ಕೈಯಲ್ಲಿ ಯಾವ ಕೆಲಸವೂ ಬಾಳದು. ಕಂಪೆನಿಯು ಮುಳುಗಿದರೆ ಎಲ್ಲರ ಕೂಲಿಯೂ ಮುಳುಗುವದು. ಆದರೆ ಉಳಿತಾಯದಲ್ಲಿ ಎರಡು ವಿಧವುಂಟು. ವ್ಯರ್ಥವಾಗಿ ಹೋಗುವದನ್ನು ತಡೆಯುವದು ಒಂದು. ನಮ್ಮ ಲೆಕ್ಕದ ಪುಸ್ತಕದಲ್ಲಿದ್ದ ಖರ್ಚನ್ನು ಮತ್ತೊಬ್ಬನ ಮನೆಗೆ ಸಾಗಿಸುವದು ಇನ್ನೊಂದು. ಪಾಳಿ ಬದಲಾದವನು ಬಸ್ಸಿಲ್ಲದ ಹೊತ್ತಿನಲ್ಲಿ ಆಟೋಕ್ಕೆ ಹಣ ತೆರುತ್ತಾನೆ, ನಿದ್ರೆ ಕಳಕೊಳ್ಳುತ್ತಾನೆ, ಎಚ್ಚತ್ತಿರುವ ಮಕ್ಕಳ ಮುಖ ಕಾಣದೆ ಹೋಗುತ್ತಾನೆ. ಖರ್ಚು ಇಲ್ಲದಂತಾಗಲಿಲ್ಲ, ತೆರುವವನು ಬೇರೆಯಾದನು, ಅಷ್ಟೇ. ಇದನ್ನು ಉಳಿತಾಯವೆನ್ನುವದು ನ್ಯಾಯವಲ್ಲ.

ಕಾನೂನು ಇದನ್ನು ಸ್ವಲ್ಪ ಬಲ್ಲದು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಪಾಳಿಯ ಕ್ರಮವನ್ನು ಬದಲಿಸುವದಕ್ಕೆ 21 ದಿನಗಳ ಮುಂಚೆ ಕೆಲಸಗಾರರಿಗೆ ಸೂಚನೆ ಕೊಡಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಸಂಹಿತೆಯಲ್ಲಿಯೂ ಆ ನಿಯಮ ಉಳಿದದೆ. ಆದರೆ ತಿಳಿಸುವದು ಬೇರೆ, ಕೇಳುವದು ಬೇರೆ. ತಿಳಿಸುವವನು ತೀರ್ಮಾನಿಸಿ ಬಂದಿರುತ್ತಾನೆ; ಕೇಳುವವನು ತನ್ನ ತೀರ್ಮಾನವನ್ನು ತಿದ್ದಲಿಕ್ಕೆ ಸಿದ್ಧನಾಗಿ ಬರುತ್ತಾನೆ. ಕೂಲಿ ಕೊಡುವವನು ಕೆಲಸವನ್ನು ಕೊಂಡನೇ ಹೊರತು ಕೆಲಸಗಾರನ ಬಾಳನ್ನು ಕೊಳ್ಳಲಿಲ್ಲ. ಆದಕಾರಣ ಇನ್ನೊಬ್ಬನ ಹೊತ್ತನ್ನು ಕದಲಿಸುವ ಮುಂಚೆ ಅವನನ್ನು ಕೇಳತಕ್ಕದ್ದು. ಉಳಿದದರಲ್ಲಿ ಅವನಿಗೂ ಪಾಲು ಸಲ್ಲತಕ್ಕದ್ದು.

ಇದು ದೂರದ ಯಜಮಾನರಿಗೆ ಮಾತ್ರ ಹೇಳಿದ ಮಾತೆಂದು ತಿಳಿಯಬೇಡಿರಿ. ನಾಳೆಯೇ ಬರಲೆಂದು ನಾವು ಅವಸರಪಡಿಸುವ ಪಾರ್ಸೆಲು ನಾಲ್ಕು ದಿನ ತಡೆದು ಬಂದರೆ ನಮಗೆ ನಿಜವಾಗಿ ನಷ್ಟವುಂಟೋ? ನಮ್ಮ ಅಂಗಳದಲ್ಲಿ ಸುಲಿಯಲು ಕೂತವಳಿಗೆ, ಇಂದು ಇನ್ನೆರಡು ತಾಸು ಕೂತುಕೊಳ್ಳೆಂದು ಹೇಳುತ್ತೇವೋ, ಕೂತುಕೊಳ್ಳಲಾಗುವದೋ ಎಂದು ಕೇಳುತ್ತೇವೋ? ಇವೆರಡೂ ಒಂದೇ ಅಲ್ಲ. ಇದರ ಭೇದವನ್ನು ಅವಳು ಬಲ್ಲಳು.